ಬೇಲಿಗೆ ತಡಮೆ ಉಂಟೆ?

ಇಂಗ್ಲಿಷಿನಲ್ಲಿ ‘ಬಿಯಾಂಡ್ ದ ಪೇಲ್’ ಎಂಬ ಒಂದು ನುಡಿಗಟ್ಟು ಉಂಟು. ಒಬ್ಬ ಮನುಷ್ಯನನ್ನು ಸಭ್ಯರ ಕೂಟಕ್ಕೆ ಸಲ್ಲದವನೆಂದು ತಳ್ಳಿಹಾಕಬೇಕಾದಾಗ, ಅಥವಾ ಒಂದು ನಡತೆಯನ್ನು ಮನ್ನಿಸಲಾಗದ್ದೆಂದು ತೀರ್ಪಿಡಬೇಕಾದಾಗ, ಆ ಭಾಷೆಯ ಜನ ಈ ಮೂರು ಪದಗಳನ್ನು ಉಪಯೋಗಿಸುತ್ತಾರೆ. ಬೈಗುಳದ ಒರಟುತನ ಇದರಲ್ಲಿಲ್ಲ. ಧ್ವನಿಯನ್ನು ಏರಿಸದೆ, ಕೈಯಲ್ಲಿರುವ ಚಹದ ಬಟ್ಟಲನ್ನು ಕೆಳಗಿಡದೆ ಒಬ್ಬನನ್ನು ಇದರಿಂದ ಹೊರಗೆ ಕಳುಹಿಸಿಬಿಡಬಹುದು. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಪಾಠ ಹೇಳಿದ ನನಗೆ ಇದರ ಅರ್ಥ ಚೆನ್ನಾಗಿ ತಿಳಿದಿದೆಯೆಂಬ ನಂಬಿಕೆ ಬಹುಕಾಲ ಇತ್ತು. ಆ ನಂಬಿಕೆ ಸಡಿಲಗೊಂಡದ್ದು ಬಂಟ್ವಾಳದ ಒಂದು ತರಗತಿಯಲ್ಲಿ, 1980ರ ದಶಕದ ನಡುವಿನ ಒಂದು ಮಳೆಗಾಲದ ಮಧ್ಯಾಹ್ನ.

ಅಂದಿನ ಪಾಠದಲ್ಲಿ ಈ ನುಡಿಗಟ್ಟು ಬಂದಿತ್ತು. ಅರ್ಥ ಹೇಳುವ ಮೊದಲು ಹುಡುಗರ ಊಹೆಯನ್ನು ಕೇಳುವುದು ನನ್ನ ಪದ್ಧತಿ. ‘ಪೇಲ್’ ಎಂದರೆ ಬಿಳಿಚಿಕೊಂಡದ್ದು ಎಂಬ ಒಂದೇ ಅರ್ಥ ಅವರಿಗೆ ಗೊತ್ತು. ಆದ್ದರಿಂದ ಮುಂದಿನ ಬೆಂಚಿನ ಒಬ್ಬನು, “ರಕ್ತ ತೀರ ಕಡಿಮೆಯಾದವನು ಸರ್” ಎಂದ. ತರಗತಿ ನಕ್ಕಿತು. ಇನ್ನೊಬ್ಬಳು ಸ್ವಲ್ಪ ಯೋಚಿಸಿ, “ಬಿಳಿಯರಲ್ಲದವರು” ಎಂದಳು. ವ್ಯುತ್ಪತ್ತಿಯ ಲೆಕ್ಕದಲ್ಲಿ ಅದು ಶುದ್ಧ ತಪ್ಪು. ಇತಿಹಾಸದ ಲೆಕ್ಕದಲ್ಲಿ ಅಷ್ಟೇನೂ ತಪ್ಪಲ್ಲವೆಂದು ನನಗೆ ಈಗ ತೋರುತ್ತದೆ. ಆಗ ಮಾತ್ರ ನಾನು ಮೇಷ್ಟರ ಗತ್ತಿನಿಂದ ತಲೆಯಾಡಿಸಿ ಕರಿಹಲಗೆಯ ಕಡೆಗೆ ತಿರುಗಿದೆ.

ಇಂಗ್ಲಿಷಿನಲ್ಲಿ ಎರಡು ‘ಪೇಲ್’ಗಳಿವೆ. ಬಿಳಿಚಿಕೊಂಡ ಪೇಲ್ ಲ್ಯಾಟಿನ್ನಿನ ‘ಪಲ್ಲಿದುಸ್’ ಎಂಬುದರಿಂದ ಬಂದದ್ದು. ನಮ್ಮ ಪೇಲ್ ಅದೇ ಭಾಷೆಯ ‘ಪಾಲುಸ್’ ಎಂಬುದರ ಸಂತಾನ. ಪಾಲುಸ್ ಎಂದರೆ ನೆಲಕ್ಕೆ ಹೊಡೆದು ನಿಲ್ಲಿಸಿದ ಗೂಟ. ಕಂಬಕ್ಕೆ ಹೇಳುವ ‘ಪೋಲ್’, ಗೂಟಗಳ ಕೋಟೆಗೆ ಹೇಳುವ ‘ಪ್ಯಾಲಿಸೇಡ್’, ಶೂಲಕ್ಕೇರಿಸುವುದಕ್ಕೆ ಹೇಳುವ ‘ಇಂಪೇಲ್’ ಎಲ್ಲವೂ ಇದರ ದಾಯಾದಿಗಳು. ಗೂಟಗಳನ್ನು ಸಾಲಾಗಿ ನೆಟ್ಟರೆ ಬೇಲಿಯಾಯಿತು. ಬೇಲಿ ಸುತ್ತುವರಿದ ನೆಲವೂ ಪೇಲ್ ಎನಿಸಿಕೊಂಡಿತು. ಮಧ್ಯಯುಗದ ಕೊನೆಯಲ್ಲಿ ಐರ್ಲೆಂಡಿನಲ್ಲಿ ಇಂಗ್ಲೆಂಡಿನ ಅರಸನ ಆಜ್ಞೆ ನಿಜವಾಗಿ ನಡೆಯುತ್ತಿದ್ದದ್ದು ಡಬ್ಲಿನ್ ಪಟ್ಟಣದ ಸುತ್ತಿನ ಒಂದು ತುಂಡು ನೆಲದಲ್ಲಿ ಮಾತ್ರ. ಅದನ್ನು ‘ದ ಪೇಲ್’ ಎಂದೇ ಕರೆದರು. 1494–95ರ ಪಾರ್ಲಿಮೆಂಟು ಅದರ ಅಂಚಿನುದ್ದಕ್ಕೂ ಆರಡಿ ಎತ್ತರದ ಮಣ್ಣಿನ ಏರಿ ಹಾಕಿ ಅಗಳು ತೋಡಬೇಕೆಂದು ವಿಧಿಸಿತು. ಒಳಗೆ ಇಂಗ್ಲಿಷ್ ಕಾಯಿದೆ, ಇಂಗ್ಲಿಷ್ ಉಡುಪು, ಇಂಗ್ಲಿಷ್ ಮಾತು. ಹೊರಗೆ, ಒಳಗಿನವರ ದೃಷ್ಟಿಯಲ್ಲಿ, ಕಾಡುಜನ. ಆ ಕಾಡುಜನರೇ ಆ ದೇಶದ ಮೂಲದವರೆಂಬುದನ್ನು ಓದುಗರು ಮರೆಯಬಾರದು. ಫ್ರಾನ್ಸಿನ ಕ್ಯಾಲೆ ಪಟ್ಟಣದ ಸುತ್ತ ಇಂಗ್ಲಿಷರ ವಶದಲ್ಲಿದ್ದ ನೆಲಕ್ಕೂ, 1558ರಲ್ಲಿ ಅದು ಕೈಬಿಟ್ಟು ಹೋಗುವವರೆಗೆ, ಇದೇ ಹೆಸರಿತ್ತು. ರಷ್ಯದ ಚಕ್ರವರ್ತಿಗಳು 1791ರಿಂದ 1917ರವರೆಗೆ ಯಹೂದ್ಯರನ್ನು ಇಂತಿಷ್ಟೇ ಸೀಮೆಯಲ್ಲಿ ವಾಸಿಸಬೇಕೆಂದು ಕಟ್ಟಿಹಾಕಿದ್ದರಲ್ಲ, ಇಂಗ್ಲಿಷರು ಅದನ್ನೂ ಪೇಲ್ ಎಂದರು. ರಷ್ಯನ್ನರ ಪದಕ್ಕೆ ಬರಿಯ ‘ಗೆರೆ’ ಎಂದರ್ಥ. ವಿಚಿತ್ರವೆಂದರೆ ಡಬ್ಲಿನ್ನಿನ ಬೇಲಿ ತನ್ನ ಜನವನ್ನು ರಕ್ಷಿಸಲು ಕಟ್ಟಿದ್ದು, ರಷ್ಯದ ಬೇಲಿ ಬೇಡದ ಜನವನ್ನು ಕೂಡಿಹಾಕಲು ಕಟ್ಟಿದ್ದು. ಪದ ಒಂದೇ.

ಐರ್ಲೆಂಡಿನ ಆ ಏರಿಯಿಂದಲೇ ನುಡಿಗಟ್ಟು ಹುಟ್ಟಿತೆಂದು ಹೇಳುವುದು ವಾಡಿಕೆ. ಆದರೆ ಈ ಅರ್ಥದ ಬಳಕೆ ಬರಹದಲ್ಲಿ ಕಾಣಿಸಿಕೊಳ್ಳುವುದು ಹದಿನೇಳನೆಯ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಡಬ್ಲಿನ್ನಿನ ಪೇಲ್ ಹಳೆಯ ಕಥೆಯಾಗಿತ್ತು. ಆದ್ದರಿಂದ ವಿದ್ವಾಂಸರು ಆ ಕಥೆಯನ್ನು ಸಂಶಯದಿಂದಲೇ ನೋಡುತ್ತಾರೆ. ಯಾವುದೋ ಒಂದು ಬೇಲಿಯಲ್ಲ, ಬೇಲಿ ಎಂಬ ಭಾವನೆಯೇ ನುಡಿಗಟ್ಟಿನ ತಾಯಿ ಎಂದುಕೊಂಡರೆ ಸಾಕು.

ಅದು ನಮ್ಮ ದೇಶಕ್ಕೆ ಇಳಿದ ಬಗೆಗೆ ಸಾಕ್ಷಿ ಬೇಕಾದವರು ಕಿಪ್ಲಿಂಗನ 1888ರ ಕಥಾಸಂಗ್ರಹದಲ್ಲಿ ಇದೇ ಶೀರ್ಷಿಕೆಯ ಕಥೆಯನ್ನು ಓದಬಹುದು. ಇಂಗ್ಲಿಷ್ ಗಂಡಸೊಬ್ಬ ರಾತ್ರಿಯ ಹೊತ್ತು ಓಣಿಯ ಕಿಟಕಿಯ ಮೂಲಕ ಎಳೆಯ ವಿಧವೆಯೊಬ್ಬಳ ಸಂಗಕ್ಕೆ ಹೋಗುತ್ತಾನೆ. ಗುಟ್ಟು ಬಯಲಾದಾಗ ಅವನಿಗೆ ಒಂದು ಗಾಯ; ಅವಳಿಗೆ ಮುಂಗೈಗಳೆರಡೂ ಹೋಗುತ್ತವೆ. ಬೇಲಿ ದಾಟಿದವನು ಅವನು. ಅವನು ಮತ್ತೆ ತನ್ನವರ ನಡುವೆ ಸಭ್ಯನೆನಿಸಿಕೊಂಡೇ ಇರುತ್ತಾನೆ.

ಇರಲಿ, ನನ್ನ ತರಗತಿಗೆ ಹಿಂದಿರುಗುತ್ತೇನೆ. ಗೂಟ, ಬೇಲಿ, ಡಬ್ಲಿನ್ ಎಲ್ಲವನ್ನೂ ಹೇಳಿ, “ಬೇಲಿಯಾಚೆಯವರು” ಎಂದು ಕನ್ನಡ ಮಾಡಿ, ಕರಿಹಲಗೆಯ ಮೇಲೆ ಬರೆದು, ಕೈಯ ಸುಣ್ಣವನ್ನು ಕೊಡಹಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಿಂದ, ಎಂದೂ ಮಾತನಾಡದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸರ್, ಈ ಬೇಲಿಗೆ ತಡಮೆ ಉಂಟಾ?”

ಘಟ್ಟದ ಮೇಲಿನ ಓದುಗರಿಗಾಗಿ ತಡಮೆಯೆಂದರೇನೆಂದು ಹೇಳಬೇಕು. ಕರಾವಳಿಯ ಹಳ್ಳಿಗಳಲ್ಲಿ ಗದ್ದೆ, ತೋಟ, ಹಿತ್ತಿಲುಗಳಿಗೆ ಮುಳ್ಳಿನ ಬೇಲಿಯೋ ಮಣ್ಣಿನ ದರೆಯೋ ಇರುತ್ತಿತ್ತು. ಕಾಲುದಾರಿ ಆ ಬೇಲಿಯನ್ನು ಹಾಯುವಲ್ಲಿ ಒಂದು ಸಂದು ಬಿಟ್ಟು, ಎರಡು ಕಡೆಯೂ ಗೂಟ ನಿಲ್ಲಿಸಿ, ನಡುವೆ ಮೊಣಕಾಲೆತ್ತರಕ್ಕೆ ಬಿದಿರ ಗಳುಗಳನ್ನು ಅಡ್ಡ ಕಟ್ಟುತ್ತಾರೆ. ಮನುಷ್ಯ ಕಾಲೆತ್ತಿ ದಾಟಬಹುದು, ದನ ದಾಟಲಾರದು. ಇದೇ ತಡಮೆ. ತಡೆಯುವುದಕ್ಕೂ ದಾಟಿಸುವುದಕ್ಕೂ ಒಂದೇ ಉಪಾಯ. ಇಂಥ ಬೇಲಿಯನ್ನೇ ಕಂಡು ಬೆಳೆದ ಹುಡುಗನಿಗೆ ತಡಮೆಯಿಲ್ಲದ ಬೇಲಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ ಎಂದು ಆಗ ನಾನು ತಿಳಿದೆ. “ಇಂಗ್ಲಿಷರ ಬೇಲಿಗೆ ತಡಮೆ ಇರುವುದಿಲ್ಲ ಮಾರಾಯ” ಎಂದು ಹೇಳಿ ನಗಿಸಿದೆ. ಗಂಟೆ ಹೊಡೆಯಿತು. ಅವನು ಕುಳಿತದ್ದನ್ನು ನಾನು ನೋಡಲಿಲ್ಲ.

ಪ್ರಶ್ನೆ ಇಂಗ್ಲಿಷರ ಬೇಲಿಯನ್ನು ಕುರಿತದ್ದಾಗಿರಲಿಲ್ಲವೆಂದು ನನಗೆ ಹೊಳೆಯಲು ಕೆಲವು ತಿಂಗಳು ಹಿಡಿದವು. ಅದನ್ನು ಹೇಳುವ ಮೊದಲು, ಈ ಸೀಮೆಯಲ್ಲಿ ಹೊರಗಿನವರನ್ನು ಕರೆಯುವ ಮಾತುಗಳ ಬಗೆಗೆ ನಾಲ್ಕು ಮಾತು ಹೇಳಬೇಕು. ಅವುಗಳಲ್ಲಿ ಒಂದಕ್ಕೆ ನಾನೇ ಹಕ್ಕುದಾರ.

ನಾನು ಹುಟ್ಟಿದ್ದು ಘಟ್ಟದ ಮೇಲೆ. ಮೊದಲ ನೌಕರಿ ಸಿಕ್ಕಿ ಚಾರ್ಮಾಡಿಯ ತಿರುವುಗಳನ್ನಿಳಿದು ಬೆಳ್ತಂಗಡಿಯ ಕಡೆಗೆ ಬಂದಾಗ ನನಗೊಂದು ಹೊಸ ಹೆಸರು ಕಾದಿತ್ತು: ‘ಘಟ್ಟದವರು’. ಅದರಲ್ಲಿ ದ್ವೇಷವಿರಲಿಲ್ಲ. ಆದರೆ ಕುಚ್ಚಲಕ್ಕಿಯ ಅನ್ನವನ್ನು ಉಣ್ಣಲಾರದವನು, ತುಳು ತಿಳಿಯದವನು, ಭೂತದ ಕೋಲದಲ್ಲಿ ಎಲ್ಲಿ ನಿಲ್ಲಬೇಕೆಂದು ಅರಿಯದವನು ಎಂಬುದೆಲ್ಲ ಆ ಒಂದು ಪದದಲ್ಲಿ ಸೇರಿತ್ತು. ಹಾಗೆಂದು ನಾನು ದೂರುವಂತಿಲ್ಲ. ನಮ್ಮೂರಿನಲ್ಲಿ ಕಾಫಿ ತೋಟದ ಕೆಲಸಕ್ಕೆ ಹತ್ತಿ ಬರುತ್ತಿದ್ದ ಇದೇ ಜನರನ್ನು ನಾವು ‘ಕನ್ನಡ ಜಿಲ್ಲೆಯವರು’ ಎಂದು ಬೇರೆಯಾಗಿಯೇ ಕೂರಿಸುತ್ತಿದ್ದೆವು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವವರನ್ನು, ಕನ್ನಡವನ್ನೇ ಆಡುವ ನಾವು ‘ಕನ್ನಡ’ದವರೆಂದು ಕರೆದು ಹೊರಗಿನವರನ್ನಾಗಿ ಮಾಡಿದ್ದೆವು! ಹೊರಗಿನವರ ಹೆಸರುಗಳಲ್ಲಿ ತರ್ಕವನ್ನು ಹುಡುಕಬಾರದು.

ಬೆಳ್ತಂಗಡಿಯ ಮಲೆಯಂಚಿನಲ್ಲಿ ಇನ್ನೊಂದು ಹೆಸರು ಕಿವಿಗೆ ಬಿತ್ತು: ‘ಕೊಚ್ಚಿಯವರು’. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಕೇರಳದಿಂದ ಬಂದು, ಕಾಡಂಚಿನ ನೆಲವನ್ನು ಹಸನು ಮಾಡಿ, ಮರಗೆಣಸನ್ನೂ ಆಮೇಲೆ ರಬ್ಬರನ್ನೂ ಬೆಳೆದ ಸಿರಿಯನ್ ಕ್ರೈಸ್ತ ಕುಟುಂಬಗಳಿಗೆ ಊರವರು ಇಟ್ಟ ಹೆಸರದು. ಅವರಲ್ಲಿ ಬಹುಮಂದಿಯ ಮೂಲ ಹಳೆಯ ತಿರುವಾಂಕೂರಿನ ಕಡೆಯದು; ಕೊಚ್ಚಿಗೂ ಅವರಿಗೂ ಸಂಬಂಧವಿಲ್ಲ. ಹೊರಗಿನವನು ಎಲ್ಲಿಂದ ಬಂದನೆಂದು ನಿಖರವಾಗಿ ತಿಳಿಯುವ ಗೊಡವೆಗೆ ಒಳಗಿನವನು ಹೋಗುವುದಿಲ್ಲ. 1999ರಲ್ಲಿ ಬೆಳ್ತಂಗಡಿ ಅವರ ಧರ್ಮಪ್ರಾಂತ್ಯದ ಕೇಂದ್ರವೇ ಆಯಿತು. ಅವರ ಮಕ್ಕಳು ನನ್ನ ತರಗತಿಗಳಲ್ಲಿ ತುಳುವಿನಲ್ಲಿ ಜಗಳವಾಡುತ್ತಿದ್ದರು. ಜಗಳವಾಡುವ ಭಾಷೆಯೇ ಮನುಷ್ಯನ ಊರು.

ಹೀಗೆ ನೋಡುತ್ತ ಹೋದರೆ ಇಲ್ಲಿ ಬಾರದೆ ಇದ್ದವರು ಯಾರು? ಬಂಟ್ವಾಳದ ಪೇಟೆಯನ್ನು ಕಟ್ಟಿದ ಕೊಂಕಣಿಗರ ಹಿರಿಯರು ಗೋವೆಯ ಕಡೆಯಿಂದ ಬಂದರು. ಮುಂಡಾಜೆಯ ಸುತ್ತಿನ ಚಿತ್ಪಾವನರು ಕೊಂಕಣ ಸೀಮೆಯಿಂದ ಇಳಿದು ಬಂದವರು, ತಮ್ಮ ನುಡಿಯನ್ನು ಇನ್ನೂ ಮನೆಯೊಳಗೆ ಇಟ್ಟುಕೊಂಡಿದ್ದಾರೆ. ತುಳುನಾಡಿನ ಬ್ರಾಹ್ಮಣರು ತಮ್ಮನ್ನು ಮಯೂರವರ್ಮ ಕರೆತಂದನೆಂಬ ಐತಿಹ್ಯವನ್ನು ತಾವೇ ಹೇಳಿಕೊಳ್ಳುತ್ತಾರೆ. ಜೈನಧರ್ಮವೂ ಇಲ್ಲಿ ಹುಟ್ಟಿದ್ದಲ್ಲ. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಜಿರಾಫೆಯನ್ನೂ ಚೀನದ ಡ್ರಾಗನನ್ನೂ ಹೋಲುವ ಕೆತ್ತನೆಗಳನ್ನು ಪ್ರವಾಸಿಗರಿಗೆ ತೋರಿಸುತ್ತಾರೆ. ಕಲ್ಲಿನ ಮೃಗಗಳಿಗೆ ಕೂಡ ಇಲ್ಲಿ ಒಳಗೆ ಜಾಗ ಸಿಕ್ಕಿತು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕನ್ನಡದ ಮಕ್ಕಳಿಗೆ ಅವರು ಹಾಡು ಕಟ್ಟಿಕೊಟ್ಟರು. ಅಷ್ಟೇ ಅಲ್ಲ, ಕೊಡಗಿನಲ್ಲಿ ಅಧ್ಯಾಪಕರಾಗಿದ್ದು ಹುತ್ತರಿಯ ಹಾಡನ್ನು ಬರೆದರು. ಕೊಡಗಿನವರು ಅದನ್ನು ತಮ್ಮದೇ ಎಂದು ಹಾಡಿಕೊಂಡರು. ಕನ್ನಡದ ದೊಡ್ಡ ನಿಘಂಟನ್ನು 1894ರಲ್ಲಿ ಕೊಟ್ಟ ಕಿಟೆಲ್ ಜರ್ಮನಿಯಿಂದ ಬಂದವನೆಂದು ನೆನಪಿಸಬೇಕಾಗಿಲ್ಲ.

ಈ ಬೇಲಿಗಳೆಲ್ಲವಕ್ಕೂ ತಡಮೆ ಇತ್ತು. ನನಗೂ ಒಂದು ದಿನ ಅದು ಸಿಕ್ಕಿತು. ಬೆಳ್ತಂಗಡಿಯ ಕಡೆ ಐದಾರು ವರ್ಷ ಕಳೆದಿರಬೇಕು, ಶಾಲೆಗೆ ತುಮಕೂರಿನ ಕಡೆಯ ಹೊಸ ಅಧ್ಯಾಪಕರೊಬ್ಬರು ಬಂದರು. ಒಂದು ಪೂಜೆಯ ಊಟದಲ್ಲಿ ಅವರು ಏನೋ ಎಡವಟ್ಟು ಮಾಡಿದರು. ಪಕ್ಕದಲ್ಲಿ ಕುಳಿತಿದ್ದ ಊರ ಹಿರಿಯರು ನನ್ನ ಕಿವಿಯ ಬಳಿ ಬಾಗಿ, “ಅವರು ಘಟ್ಟದವರಲ್ಲವೊ ಮಾಷ್ಟ್ರೇ, ನಮ್ಮ ಕ್ರಮ ಗೊತ್ತಿಲ್ಲ, ಪಾಪ” ಎಂದರು. ‘ನಮ್ಮ’! ನನಗಾದ ಸಂತೋಷವನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ತುಮಕೂರಿನ ಆ ಸಜ್ಜನರನ್ನು ತಡಮೆಯ ಆಚೆ ನಿಲ್ಲಿಸಿಯೇ ನಾನು ಈಚೆ ಬಂದೆನೆಂಬುದು ಅಂದು ಮನಸ್ಸಿಗೆ ಬರಲೇ ಇಲ್ಲ.

ತುಳುವಿನಲ್ಲಿ ಒಳಗೆ ಎನ್ನುವುದಕ್ಕೆ ‘ಉಲಾಯಿ’, ಹೊರಗೆ ಎನ್ನುವುದಕ್ಕೆ ‘ಪಿದಾಯಿ’. ಮನೆಗೆ ಬಂದವರಿಗೆ ‘ಉಲಾಯಿ ಬಲೆ’, ಒಳಗೆ ಬನ್ನಿ, ಎಂದು ಹೇಳಿ ಬೆಲ್ಲ ನೀರು ಕೊಡುವ ಸೊಗಸು ಈ ಸೀಮೆಯದು. ಕೇಳಲು ಇಷ್ಟು ಇಂಪಾದ ಸ್ವಾಗತವನ್ನು ನಾನು ಬೇರೆಡೆ ಕೇಳಿಲ್ಲ. ಆದರೆ ಎಷ್ಟು ಒಳಗೆ ಎಂಬುದಕ್ಕೆ ಅಳತೆಯಿತ್ತು. ಕೆಲವರಿಗೆ ನಡುಮನೆ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳದ ಅಂಚು. ಮನೆಯ ಹೆಣ್ಣುಮಕ್ಕಳೂ ತಿಂಗಳಿಗೆ ಮೂರು ದಿನ ತಮ್ಮ ಮನೆಯಲ್ಲಿಯೇ ‘ಹೊರಗೆ’. ಇನ್ನು ಕೊರಗರಿಗೆ ಅಂಗಳದ ಅಂಚೂ ಇರಲಿಲ್ಲ. ಆ ಮಾತನ್ನು ಅವರಿಗೆ ಯಾರೂ ಹೇಳುತ್ತಿರಲಿಲ್ಲ.

ಕೊರಗರು ತುಳುನಾಡಿನ ಅತಿ ಹಳೆಯ ನಿವಾಸಿಗಳಲ್ಲಿ ಸೇರಿದವರೆಂದು ಬಲ್ಲವರು ಎಣಿಸುತ್ತಾರೆ. ಹುಬಾಶಿಕನೆಂಬ ತಮ್ಮ ಅರಸ ಒಂದು ಕಾಲಕ್ಕೆ ಈ ನಾಡನ್ನಾಳಿದನೆಂಬ ಕಥೆಯೂ ಇದೆ. ಅವರಿಗೆ ತಮ್ಮದೇ ಆದ ಭಾಷೆಯಿದೆ, ದ್ರಾವಿಡ ಭಾಷೆ, ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಕಾಡಿನ ಬಳ್ಳಿಯಿಂದಲೂ ಬಿದಿರಿನಿಂದಲೂ ಬುಟ್ಟಿ ಹೆಣೆಯುವುದು ಅವರ ಕುಲವೃತ್ತಿ. ಅವರು ಹೆಣೆದ ಕುಡುಪಿನಲ್ಲಿ ಊರವರು ಅನ್ನ ಬಸಿದರು, ಅವರು ಹೆಣೆದ ಬುಟ್ಟಿಯಲ್ಲಿ ಭತ್ತ ಅಳೆದರು. ಬುಟ್ಟಿ ಅಡಿಗೆಮನೆಯವರೆಗೆ ಹೋಯಿತು. ಹೆಣೆದವನು ಬೇಲಿಯ ಆಚೆ ನಿಂತು ಕೂಗಿ ಮಾರಬೇಕಾಗಿತ್ತು. ಅವರಲ್ಲಿ ಒಂದು ಪಂಗಡದವರು ದಾರಿಯಲ್ಲಿ ಉಗುಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಕೊಂಡು ನಡೆಯಬೇಕಾಗಿತ್ತೆಂದು ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮನೆಯವರ ರೋಗ, ಕೇಡುಗಳು ತೊಲಗಲೆಂದು ಕೂದಲು ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುವುದು, ಕಂಬಳದ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು, ಇವೆಲ್ಲ ‘ಅಜಲು’ ಎಂಬ ಹೆಸರಿನಲ್ಲಿ ನಡೆದವು. ಇದನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. 2000ದಲ್ಲಿ! ನಾನು ‘ಬಿಯಾಂಡ್ ದ ಪೇಲ್’ಗೆ ಡಬ್ಲಿನ್ನಿನಿಂದ ಉದಾಹರಣೆ ತಂದ ಮೇಲೆಯೂ ಹದಿನೈದು ವರ್ಷದಷ್ಟು ಕಾಲ ಇಲ್ಲಿ ಆ ಕಾಯಿದೆ ಇರಲಿಲ್ಲ.

ಎಲ್ಲೆಲ್ಲಿಂದಲೋ ಬಂದವರೆಲ್ಲ ಒಬ್ಬರ ಹಿಂದೊಬ್ಬರು ತಡಮೆ ದಾಟಿ ಒಳಗಾದರು. ಮೊದಲೇ ಇದ್ದವರು ಹೊರಗೆ ಉಳಿದರು. ಡಬ್ಲಿನ್ನಿನಲ್ಲಿ ಆದದ್ದೂ ಇದೇ ತಾನೆ?

ತಡಮೆಯ ಪ್ರಶ್ನೆ ಕೇಳಿದ ಹುಡುಗ ಕೊರಗರವನು. ವಿದ್ಯಾರ್ಥಿವೇತನದ ಪಟ್ಟಿಗೆ ಸಹಿ ಮಾಡುವಾಗ ನನಗದು ತಿಳಿದಿತ್ತು. ಆದರೆ ಪಟ್ಟಿಯಲ್ಲಿ ಓದಿದ್ದು ತರಗತಿಯಲ್ಲಿ ನೆನಪಿಗೆ ಬರುವುದಿಲ್ಲ. ಮಳೆಗಾಲ ಕಳೆದ ಮೇಲೆ ಒಮ್ಮೆ ಅವನು ನನ್ನ ಇಂಗ್ಲಿಷ್ ನಿಘಂಟನ್ನು ಕೇಳಿದ, ಕೊಟ್ಟೆ. ಎರಡು ವಾರದ ಮೇಲೆ ಒಂದು ಶನಿವಾರ ಸಂಜೆ ಅದನ್ನು ಹಿಂದಿರುಗಿಸಲು ನಾನಿದ್ದ ಬಾಡಿಗೆ ಮನೆಗೆ ಬಂದ. ಅಡಿಕೆ ಒಣಗಿಸುವ ದಿನಗಳು. ಮನೆಯೊಡತಿ, ಅರುವತ್ತು ದಾಟಿದ ಸಾಧ್ವಿ, ನನ್ನ ಹೆಂಡತಿಯ ಬಾಣಂತನವನ್ನು ತನ್ನ ಮಗಳದ್ದೆಂಬಂತೆ ಮಾಡಿದವರು, ಅಂಗಳದಲ್ಲಿ ಅಡಿಕೆಯನ್ನು ರಾಶಿ ಮಾಡುತ್ತಿದ್ದರು. ಹುಡುಗ ತಡಮೆಯ ಆಚೆ ನಿಂತು “ಸರ್” ಎಂದ. ನಾನು ಜಗಲಿಯಿಂದಲೇ, “ಒಳಗೆ ಬಾ” ಎಂದೆ. ಆ ಅಮ್ಮನ ಕೈ ಅಡಿಕೆಯ ಮೇಲೆ ನಿಂತಿತು. ಅವರು ಏನೂ ಹೇಳಲಿಲ್ಲ. ಹುಡುಗ ಅವರನ್ನೊಮ್ಮೆ ನೋಡಿ, “ಬೇಡ ಸರ್, ಇಲ್ಲೇ 'ಆಗ್ತದೆ” ಎಂದ.

ನಾನು ಇನ್ನೊಮ್ಮೆ ಕರೆಯಬಹುದಾಗಿತ್ತು. ಕೆಳಗಿಳಿದು ಹೋಗಿ ಕೈಹಿಡಿದು ಕರೆತರಬಹುದಾಗಿತ್ತು. ಬಾಡಿಗೆ ಮನೆ, ಪರರ ಅಂಗಳ, ಎಳೆಯ ಮಗು, ಪೇಟೆಯಲ್ಲಿ ಬೇರೆ ಮನೆ ಸಿಗದ ಕಷ್ಟ, ಇವೆಲ್ಲ ಒಂದು ನಿಮಿಷದಲ್ಲಿ ತಲೆಯೊಳಗೆ ಹಾದವು. ಚಪ್ಪಲಿ ಮೆಟ್ಟಿಕೊಂಡು ಹೋಗಿ, ಬೇಲಿಯ ಮೇಲಿನಿಂದ ಪುಸ್ತಕವನ್ನು ತೆಗೆದುಕೊಂಡೆ. ಪರೀಕ್ಷೆ ಯಾವಾಗ, ಬಸ್ಸು ಎಷ್ಟು ಗಂಟೆಗೆ ಎಂದು ಏನೋ ಕೇಳಿದೆ. ಅವನು ವಿನಯದಿಂದ ಉತ್ತರ ಹೇಳಿ ಹೋದ. ಹಿಂದಿರುಗಿ ಬಂದಾಗ ಆ ಅಮ್ಮ ಮತ್ತೆ ಅಡಿಕೆಗೆ ಕೈಹಾಕುತ್ತ ಮೆಚ್ಚುಗೆಯಿಂದಲೇ ಹೇಳಿದರು: “ಒಳ್ಳೆಯ ಹುಡುಗ ಮಾಷ್ಟ್ರೇ. ಕ್ರಮ ಗೊತ್ತುಂಟು.”

ನಾನು “ಹೌದಮ್ಮಾ” ಎಂದೆ.

ತುಮಕೂರಿನವರಿಗೆ ತಿಳಿಯದೆ ಹೋದ, ನನಗೆ ದಯಪಾಲಿಸಲಾದ ಆ ‘ಕ್ರಮ’ ಹುಡುಗನಿಗೆ ಹುಟ್ಟಿನಿಂದಲೇ ಬಾಯಿಪಾಠವಾಗಿತ್ತು. ‘ಪೇಲ್’ ಎಂಬುದಕ್ಕೆ ನಿಘಂಟುಗಳು ಕೊಡದ ಅರ್ಥ ಇದು. ಅಮ್ಮನನ್ನು ನಾನು ದುಷ್ಟರೆಂದು ಎಂದೂ ಎಣಿಸಿಲ್ಲ. ಅವರ ಕೈಯ ಬೆಲ್ಲ ನೀರಿನ ಋಣ ನನ್ನ ಮೇಲಿದೆ. ಅದರಿಂದ ಕಷ್ಟ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಈಗ ನಿವೃತ್ತನಾಗಿ ಮೂಡಬಿದಿರೆಯಲ್ಲಿ ನೆಲೆಸಿದ್ದೇನೆ. ಊರಿನ ಹೆಸರಿನಲ್ಲೇ ಬಿದಿರು ಇದೆ. ಸಂಸ್ಕೃತದಲ್ಲಿ ಇದು ವೇಣುಪುರ. ಹದಿನಾರನೆಯ ಶತಮಾನದಲ್ಲಿ ‘ಭರತೇಶವೈಭವ’ವನ್ನು ಸಾಂಗತ್ಯದಲ್ಲಿ ಬರೆದ ರತ್ನಾಕರವರ್ಣಿಯ ಊರು ಇದು. ದೇವಚಂದ್ರನ ‘ರಾಜಾವಳೀಕಥೆ’ ಅವನ ಬಗೆಗೆ ಒಂದು ಸಂಗತಿಯನ್ನು ಹೇಳುತ್ತದೆ. ಕಾವ್ಯವನ್ನು ಆನೆಯ ಮೇಲೆ ಮೆರೆಸಬೇಕೆಂದು ಕವಿ ಬಯಸಿದನಂತೆ; ಕೆಲವು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವೆಂದು ಗುರುಗಳು ತಡೆದರಂತೆ; ವಿವಾದ ಬೆಳೆದು, ಯಾರೂ ಅವನಿಗೆ ಆಹಾರ ನೀಡಬಾರದೆಂದು ಶ್ರಾವಕರ ಮನೆಗಳಿಗೆ ಕಟ್ಟಪ್ಪಣೆಯಾಯಿತಂತೆ. ಅಕ್ಕನ ಮನೆಯಲ್ಲಿ ಉಂಡು, ಮುನಿದು ವೀರಶೈವನಾಗಿ, ಕೊನೆಗೆ ಮತ್ತೆ ಜೈನನಾದನೆಂದು ಕಥೆ. ನಿಜವೋ ಕಟ್ಟುಕಥೆಯೋ, ಅಕ್ಕನ ಮನೆಯೊಂದು ತಡಮೆಯಾಗಿ ಉಳಿದಿತ್ತೆಂಬುದು ನನಗೆ ಹಿಡಿಸಿದ ಅಂಶ. ಇಂದು ಅವನನ್ನು ಊರು ತನ್ನವನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಮಂಗಳೂರಿನ ಕುದ್ಮುಲ್ ರಂಗರಾಯರ ಕಥೆ ಇದಕ್ಕಿಂತ ಈಚಿನದು, ಕಟ್ಟುಕಥೆಯೂ ಅಲ್ಲ. ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ 1892ರಲ್ಲಿ ಶಾಲೆ ತೆರೆದದ್ದಕ್ಕೆ ಸ್ವಂತ ಜಾತಿಯವರೇ ಅವರನ್ನು ದೂರವಿಟ್ಟರು. ಬೇಲಿಯಲ್ಲಿ ಸಂದು ಮಾಡಿದವನನ್ನು ಆ ಸಂದಿನಿಂದಲೇ ಹೊರಗೆ ದಬ್ಬುವ ಕ್ರಮ ಅದು.

ಕೊರಗರ ಯುವಕನೊಬ್ಬನ ಕಥೆಯನ್ನೂ ಇಲ್ಲಿ ನೆನೆಯಬೇಕು. ಪಾಡ್ದನದ ಒಂದು ಪಾಠದಂತೆ, ಶೇಂದಿ ಮಾರುವ ತಾಯಿಯೊಬ್ಬಳು ಸಾಕಿದ ತನಿಯ, ಹಲವರು ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ಮುಟ್ಟಿಸಿದ. ಒಳಗೆ ಬಿಡಲಿಲ್ಲ. ಮಾದಳದ ಹಣ್ಣಿಗೆ ಕೈಚಾಚಿ ಮೇಲೇರಿದವನು ಮಾಯವಾದ. ಅವನೇ ಕೊರಗತನಿಯ, ಜನರ ಬಾಯಲ್ಲಿ ಕೊರಗಜ್ಜ. ಇಂದು ಎಲ್ಲ ಜಾತಿಯವರೂ ಅವನಿಗೆ ಹರಕೆ ಹೇಳಿಕೊಳ್ಳುತ್ತಾರೆ. ಕಳೆದುಹೋದ ವಸ್ತು ಸಿಕ್ಕರೆ ವೀಳ್ಯ, ಚಕ್ಕುಲಿ ಒಪ್ಪಿಸುತ್ತಾರೆ. ದೈವವಾದ ಮೇಲೆ ತಡಮೆ ತೆರೆಯಿತು. ಬುಟ್ಟಿ ಹೆಣೆಯುವವನಿಗೆ ಅಷ್ಟು ಬೇಗ ತೆರೆಯಲಿಲ್ಲ.

ಕಳೆದ ತಿಂಗಳು ಒಬ್ಬ ತರುಣ ಅಧ್ಯಾಪಕರು ಮನೆಗೆ ಬಂದಿದ್ದರು. ಇಂಗ್ಲಿಷಿನ ಒಂದು ಪ್ರಬಂಧವನ್ನು ಕನ್ನಡಿಸುತ್ತಿದ್ದಾರೆ. ಅದರಲ್ಲಿ ಈ ನುಡಿಗಟ್ಟು ಬಂದಿದೆ, ಏನು ಹಾಕಲಿ ಎಂದು ಕೇಳಿದರು. ಈಗಿನ ಇಂಗ್ಲಿಷಿನಲ್ಲಿ ಇದು ಹೆಚ್ಚಾಗಿ ನಡತೆಗೆ ಸಲ್ಲುತ್ತದೆ. ಮಂತ್ರಿಯೊಬ್ಬನ ಮಾತು, ಆಟಗಾರನೊಬ್ಬನ ವರ್ತನೆ ಸಹಿಸಲಾಗದ್ದು ಎನ್ನುವಾಗ. ಅಲ್ಲಿ ‘ಎಲ್ಲೆ ಮೀರಿದ್ದು’ ಎಂದರೆ ಕೆಲಸ ನಡೆಯುತ್ತದೆ. ತೊಡಕು ಬರುವುದು ಮನುಷ್ಯರಿಗೆ ಹೇಳಿದಾಗ. ನಾನು ಅಂದು ಕರಿಹಲಗೆಯ ಮೇಲೆ ಬರೆದ ‘ಬೇಲಿಯಾಚೆಯವರು’ ಇಂಗ್ಲಿಷಿನ ಮೋಸವನ್ನೇ ಕನ್ನಡಕ್ಕೆ ತಂದಿತ್ತು. ಅದರಲ್ಲಿ ಬೇಲಿಯಿದೆ, ಆಚೆಯವರಿದ್ದಾರೆ, ಬೇಲಿ ಹಾಕಿದವರಿಲ್ಲ. ಹೊಳೆಯಾಚೆಯವರು, ಗುಡ್ಡದಾಚೆಯವರು ಎಂದಂತೆ ಅವರು ತಾವಾಗಿಯೇ ಅಲ್ಲಿ ಇದ್ದಾರೆಂದು ಕೇಳಿಸುತ್ತದೆ. ‘ಹೊರಗಿನವರು’ ಎಂಬುದೂ ಹಾಗೆಯೇ. ಕನ್ನಡದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಒಂದು ಕ್ರಿಯಾಪದ ಇದೆ, ‘ಹೊರಗಿಡು’. ಅದು ಸಕರ್ಮಕ. ಯಾರು ಇಟ್ಟರು ಎಂಬುದಕ್ಕೆ ಕರ್ತೃಪದವನ್ನು ಕೇಳದೆ ಅದು ಸುಮ್ಮನಿರುವುದಿಲ್ಲ. ‘ಬಹಿಷ್ಕಾರ’ ಎಂಬ ಸಂಸ್ಕೃತ ಪದಕ್ಕೂ ಬಿಡಿಸಿದರೆ ಹೊರಗೆ ಮಾಡುವುದು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಆ ಅರ್ಥಕ್ಕೆ ಬಳಸುವ ‘ಬಾಯ್ಕಾಟ್’ ಪದವೂ ಐರ್ಲೆಂಡಿನದೇ ಎಂಬುದು ಒಂದು ತಮಾಷೆ. 1880ರಲ್ಲಿ ಮೇಯೊ ಪ್ರಾಂತದ ಒಕ್ಕಲುಗಳು ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನ್ದಾರಿ ಏಜೆಂಟನ ಜತೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದೆ, ಪೇಲಿನ ಆಚೆಯವರು ಒಳಗಿನವನನ್ನು ಹೇಗೆ ಹೊರಗಿಡಬಹುದೆಂದು ತೋರಿಸಿದರು.

ಇಷ್ಟನ್ನು ಹೇಳಿ, ‘ಹೊರಗಿಟ್ಟವರು’ ಎಂದು ಬರೆದರೆ ಇಟ್ಟವರೋ ಇಡಿಸಿಕೊಂಡವರೋ ಎಂಬ ಸಂದೇಹ ಬರುತ್ತದೆ, ಆದ್ದರಿಂದ ವಾಕ್ಯವನ್ನೇ ಬಿಡಿಸಿ ಬರೆಯಿರಿ ಎಂದೆ. ಅವರು ತಲೆ ಕೆರೆದುಕೊಂಡು, “ಮೂಲದಲ್ಲಿ ಕರ್ತೃ ಯಾರೆಂದು ಹೇಳಿಲ್ಲವಲ್ಲ ಸರ್, ನಾನು ಯಾರನ್ನು ಹಾಕಲಿ?” ಎಂದರು. ನ್ಯಾಯವಾದ ಪ್ರಶ್ನೆ. ಅವರ ಪ್ರಬಂಧದ ಮಟ್ಟಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಂಟ್ವಾಳದ ಆ ಶನಿವಾರದ ವಾಕ್ಯವಾಗಿದ್ದರೆ ನಾನು ಹೇಳಬಲ್ಲೆ. ಅಮ್ಮನಿಗಿಂತ ಮೊದಲು ನನ್ನ ಹೆಸರು ಬರಬೇಕು. ಆ ಮಾತನ್ನು ಅವರಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಹುಡುಗ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬೇರೆ ಜಿಲ್ಲೆಯಲ್ಲಿ ನೌಕರಿಗೆ ಸೇರಿದನೆಂದು ಕೇಳಿದ್ದೆ. ತರಗತಿಯಲ್ಲಿ ಅವನು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ತರುಣ ಅಧ್ಯಾಪಕರು ವೇಣೂರಿನ ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಹೋಗುವಾಗ ‘ತಡಮೆ’ ಎಂಬ ಪದವನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಅವರು ಬೆಳೆದದ್ದು ಇದೇ ಸೀಮೆಯಲ್ಲಿ. ಆದರೆ ಈಗ ಎಲ್ಲೆಡೆ ಕೆಂಪುಕಲ್ಲಿನ ಪಾಗಾರ, ಕಬ್ಬಿಣದ ಗೇಟು. ತಡಮೆಯನ್ನು ಅವರು ಕಂಡಿರಲಿಲ್ಲ.